ಮುಂದಿನ ಮನಿ, ಇಲ್ಲಾ ಹಿಂದಿನ ಮನಿ

ಮೊನ್ನೆ ಮುಧೋಳದಲ್ಲಿ ಹಳೆಯ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುವಾಗಲೇ ಅಡುಗೆಮನೆಯಿಂದ ಪ್ರಶ್ನೆ ಬಂತು. "ಸುಸಲಾ ಮಾಡ್ಲ್ಯೋ, ಉಪ್ಪಿಟ್ಟು ಮಾಡ್ಲ್ಯೋ?"

"ಏನಾರ ನಡೀತದ" ಎಂದೆ.

"ಹಂಗಂದ್ರ ಹೆಂಗವಾ? ಒಂದು ಹೇಳು."

"ನಿನಗ ಯಾವುದು ಸಲೀಸೋ ಅದನ್ನ ಮಾಡು."

ಅವಳು ಚುರಮುರಿ ನೆನೆಸಿ ಒಗ್ಗರಿಸಿದ ಸುಸಲಾ, ಉಪ್ಪಿಟ್ಟು ಎರಡನ್ನೂ ಮಾಡಿ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಳು. ಎರಡನ್ನೂ ತಿಂದೆ. ಬನಹಟ್ಟಿಗೆ ವಾಪಸು ಬರುವ ಬಸ್ಸಿನಲ್ಲಿ ಹೊಟ್ಟೆ ಕಲ್ಲಾಗಿ, ಕಿಟಕಿಯ ಸರಳಿಗೆ ತಲೆಯಾನಿಸಿಕೊಂಡು ನನ್ನ ಬಗ್ಗೆ ನಾನೇ ಯೋಚಿಸಿದೆ. ಬದುಕಿನ ಬಹುಪಾಲು ಇಂಗ್ಲಿಷ್ ಕಲಿಸಿದವಳು ನಾನು. ಎರಡರಲ್ಲಿ ಒಂದನ್ನು ಸ್ಪಷ್ಟವಾಗಿ ಆರಿಸಿ ಹೇಳಲು ಆ ಭಾಷೆಯಲ್ಲಿ ಎಷ್ಟು ದಾರಿಗಳಿವೆಯೋ ಅಷ್ಟನ್ನೂ ಕರಿಹಲಗೆಯ ಮೇಲೆ ಬರೆದು, ಮಕ್ಕಳ ಬಾಯಲ್ಲಿ ಗಟ್ಟಿಯಾಗಿ ಹೇಳಿಸಿದವಳು. ಉಪ್ಪಿಟ್ಟು ಬೇಕು ಎಂಬ ಎರಡು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ.

ಇದು ನನ್ನೊಬ್ಬಳ ರೋಗವಲ್ಲ ಬಿಡಿ. ನಮ್ಮ ಸೀಮೆಯಲ್ಲಿ ಕೇಳುವವರು ಮನಸ್ಸಿಟ್ಟೇ ಕೇಳುತ್ತಾರೆ. ಉತ್ತರ ಹೇಳಬೇಕಾದವರು ಮಾತ್ರ ಹೇಳುವುದಿಲ್ಲ. ಬಾಯಿಬಿಟ್ಟು ಇದೇ ಬೇಕೆಂದರೆ ಎಲ್ಲಿ ಆಸೆಬುರುಕರಂತೆ ಕಂಡೇವೋ ಎಂಬ ಅಳುಕು. ಜಮಖಂಡಿಯಲ್ಲಿ ನಾನು ಬೆಳೆದ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ನಡೆಯುತ್ತಿತ್ತು. ಅಪ್ಪ ಸಂತೆಗೆ ಹೊರಟಾಗ ಚೀಲ ಹಿಡಿದು ಬಾಗಿಲಲ್ಲಿ ನಿಂತು, "ಬದನಿಕಾಯಿ ತರ್ಲ್ಯೋ, ಹೀರಿಕಾಯಿ ತರ್ಲ್ಯೋ?" ಎಂದು ಕೇಳುವುದು, ಅಮ್ಮ ಒಳಗಿನಿಂದಲೇ "ನಿಮಗ ಕಂಡದ್ದು ತರ್ರಿ" ಎನ್ನುವುದು. ಬದನೆಕಾಯಿ ಬರುತ್ತಿತ್ತು. ಎಣ್ಣೆಗಾಯಿ, ಸುಟ್ಟು ಮಾಡಿದ ಭರ್ತ, ಸಾರಿನಲ್ಲಿ ಹೋಳು, ಹೀಗೆ ನಮ್ಮ ಬಾಲ್ಯವೆಲ್ಲ ಬದನೆಕಾಯಿಯಲ್ಲೇ ಕಳೆಯಿತು. ಅಮ್ಮನಿಗೆ ಇಷ್ಟವೆಂದು ಅಪ್ಪ ತರುತ್ತಿದ್ದರು, ಅಪ್ಪನಿಗೆ ಇಷ್ಟವೆಂದು ಅಮ್ಮ ಮಾಡುತ್ತಿದ್ದಳು. ಇಬ್ಬರಿಗೂ ಅದು ಸೇರುವುದಿಲ್ಲವೆಂಬುದು ಗೊತ್ತಾದದ್ದು ಅವರಿಗೆ ಮೊಮ್ಮಕ್ಕಳಾದ ಮೇಲೆ. ಅಪ್ಪನಿಗೆ ಮೈ ಕಡಿತ ಶುರುವಾಗಿ ಡಾಕ್ಟರು ಬದನೆಕಾಯಿ ಬಿಡಿ ಎಂದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಉಸ್ಸಪ್ಪಾ ಎಂದರಂತೆ.

ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ. ಒಮ್ಮೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬನಹಟ್ಟಿಗೆ ಹೋಗುವ ಎರಡು ಬಸ್ಸುಗಳು ಅಕ್ಕಪಕ್ಕ ನಿಂತಿದ್ದವು. ಇಬ್ಬರು ಕಂಡಕ್ಟರುಗಳೂ ಬರ್ರಿ ಬರ್ರಿ ಎಂದು ಕರೆಯುತ್ತಿದ್ದರು. ಒಬ್ಬನ ಬಸ್ಸು ಹತ್ತಿದರೆ ಇನ್ನೊಬ್ಬನಿಗೆ ಬೇಸರವಾದೀತೆಂದೋ ಏನೋ, ಬೆಲ್ಲ ಹೇರಿದ ಟೆಂಪೋದ ನೆರಳಿನಲ್ಲಿ ನಿಂತು ಯೋಚಿಸಿದೆ. ಎರಡೂ ಹೊರಟುಹೋದವು.

ಇನ್ನು ಭಾಷೆಯೂ ನಮಗೆ ಸಹಾಯ ಮಾಡುವುದಿಲ್ಲ. 'ಇಲ್ಲಾ' ಎಂಬ ನಮ್ಮ ಮಾತನ್ನೇ ನೋಡಿ. ಮೈಸೂರಿನವರು 'ಅಥವಾ' ಅನ್ನುವ ಕಡೆ ನಾವು 'ಇಲ್ಲಾ' ಎನ್ನುತ್ತೇವೆ. ಚಹಾ ಇಲ್ಲಾ ಕಷಾಯ ಅಂದರೆ ಎರಡರಲ್ಲೊಂದು ಎಂದರ್ಥ. ಬೇಡ ಎನ್ನುವುದಕ್ಕೂ, ಮನೆಯಲ್ಲಿ ಏನೂ ಉಳಿದಿಲ್ಲ ಎನ್ನುವುದಕ್ಕೂ ಅದೇ ಇಲ್ಲ. ನಾನು ಬೀಳಗಿಯ ಶಾಲೆಯಲ್ಲಿದ್ದಾಗ 'ನಾಳೆ ಇಲ್ಲಾ ನಾಡಿದ್ದು ಬರ್ತೇನಿ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ಮಾಡಲು ಕೊಟ್ಟಿದ್ದೆ. ಗಲಗಲಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು 'ಟುಮಾರೋ ನೋ, ಡೇ ಆಫ್ಟರ್ ಟುಮಾರೋ ಐ ಕಮ್' ಎಂದು ಬರೆದಳು. ತಪ್ಪೆಂದು ಗೀಟು ಹಾಕಲು ಹೋದವಳು ಹಾಕದೆ ಬಿಟ್ಟೆ. ನಮ್ಮವರು ನಾಳೆ ಇಲ್ಲಾ ನಾಡಿದ್ದು ಎಂದಾಗ ನಾಳೆಯಂತೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ನಾನು ಹೇಳಲು ಹೊರಟದ್ದು ಶಾಂತವ್ವ, ಮಹಾದೇವಿಯರ ವಿಷಯ. ಸುಸಲಾ ಉಪ್ಪಿಟ್ಟಿನ ಭಾರದಲ್ಲಿ ನೆನಪಾದದ್ದೂ ಅವರೇ.

ಬನಹಟ್ಟಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಗೆ ಎದುರಾಗಿ, ನೇಕಾರರ ಒಂದು ಉದ್ದನೆಯ ಮನೆಯಿದೆ. ಬಸಪ್ಪ, ಈರಪ್ಪ ಎಂಬ ಅಣ್ಣತಮ್ಮಂದಿರದು. ಬಸಪ್ಪನ ಹೆಂಡತಿ ಶಾಂತವ್ವ, ಈರಪ್ಪನ ಹೆಂಡತಿ ಮಹಾದೇವಿ. ನಮ್ಮ ಕಡೆ ಇಂಥವರನ್ನು ನೆಗೆಣ್ಣಿಯರು ಎನ್ನುತ್ತಾರೆ. ಶಾಂತವ್ವ ಐವತ್ತು ದಾಟಿದ, ತೂಕದ ಮಾತಿನ ಹೆಂಗಸು. ಮಹಾದೇವಿ ಅವಳಿಗಿಂತ ಬಹಳ ಚಿಕ್ಕವಳು, ಚುರುಕು. ಮನೆಯ ಪಕ್ಕದ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಖಟಖಟ ಎನ್ನುತ್ತಿರುತ್ತವೆ. ಹೊಸಬರಿಗೆ ತಲೆ ಚಿಟ್ಟು ಹಿಡಿಯುತ್ತದೆ; ನಮಗೆ ಕರೆಂಟು ಹೋಗಿ ಮಗ್ಗ ನಿಂತರೆ ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾಗುತ್ತದೆ.

ನಿವೃತ್ತಿಯಾದ ಮೇಲೆ ಕೈ ಖಾಲಿಯಾಗಿ, ನಾನು ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗಾಗಿ ಮಧ್ಯಾಹ್ನದ ಇಂಗ್ಲಿಷ್ ಕ್ಲಾಸು ಶುರು ಮಾಡಿದೆ. ಮೊದಲು ಬಂದವಳು ಮಹಾದೇವಿ. ಅವಳು ಸೀರೆಗಳ ಫೋಟೋ ತೆಗೆದು ಮೊಬೈಲಿನಲ್ಲಿ ದೂರದೂರದ ವ್ಯಾಪಾರಿಗಳಿಗೆ ಕಳಿಸುತ್ತಿದ್ದಳು. ಅವರು ಇಂಗ್ಲಿಷಿನಲ್ಲಿ ಏನೇನೋ ಕೇಳುತ್ತಿದ್ದರು. "ಬಾಯಾರ, ಅವರು ಈ ಬಣ್ಣ ಆರ್ ಆ ಬಣ್ಣ ಅಂತಾರ್ರಿ. ನಾ ಯಸ್ ಅಂತೇನಿ. ಆಮ್ಯಾಲ ಸಿಟ್ಟಿಗೇಳ್ತಾರ್ರಿ" ಎಂದಳು. ಶಾಲೆ ಬಿಟ್ಟರೂ ಓಣಿಯವರಿಗೆ ನಾನು ಬಾಯಾರೇ, ಅಂದರೆ ಟೀಚರೇ. ಅವಳ ಹಿಂದೆಯೇ ಶಾಂತವ್ವನೂ ಬಂದಳು. ಅವಳಿಗೆ ಇಂಗ್ಲಿಷ್ ಬೇಕಿರಲಿಲ್ಲ. ಕಿರಿಯ ಸೊಸೆ ಒಬ್ಬಳೇ ಹೊರಗೆ ಹೋಗಬಾರದೆಂದು ಅತ್ತೆ ಬದುಕಿದ್ದಾಗ ಹಾಕಿದ್ದ ಕಟ್ಟಳೆಯನ್ನು ಪಾಲಿಸಲು ಬಂದಿದ್ದಳು. ಆದರೆ ಬಂದು ಕೂತವಳಿಗೆ ರುಚಿ ಹತ್ತಿತು. ಇಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಚಾಪೆಯ ನಡುವೆ ತಲೆಗೆ ತಲೆ ತಾಗಿಸಿ ಕೂಡುತ್ತಿದ್ದರು.

ಅವರಿಗೆ ನಾನು ಮೊದಲು ಹೇಳಿದ್ದೇ ಇದು: ಆರ್ ಎಂದು ಕೇಳಿದಾಗ ಯಸ್ ಎನ್ನಬಾರದು. ಟೀ ಆರ್ ಕಾಫಿ ಅಂದರೆ ಒಂದರ ಹೆಸರು ಹೇಳಬೇಕು. ಎಷ್ಟು ಸಲ ಹೇಳಿದರೂ ಶಾಂತವ್ವ ನಾಚಿಕೊಂಡು "ಎನಿಥಿಂಗ್ ಬಾಯಾರ" ಎನ್ನುತ್ತಿದ್ದಳು.

ಅದೇ ಕಾಲಕ್ಕೆ ಆ ಮನೆಯಲ್ಲಿ ಪಾಲಿನ ಮಾತು ಬಂತು. ಜಗಳವೇನೂ ಇರಲಿಲ್ಲ. ಮಕ್ಕಳು ದೊಡ್ಡವರಾಗಿದ್ದರು, ಜಾಗ ಸಾಲುತ್ತಿರಲಿಲ್ಲ, ಬೇರೆಯಾಗೋಣ ಎಂದು ಇಬ್ಬರೂ ಒಪ್ಪಿದ್ದರು. ಮಗ್ಗಗಳ ಪಾಲು ಸರಾಗವಾಗಿ ಮುಗಿಯಿತು. ಉಳಿದದ್ದು ಮನೆ. ಮುಂದಿನ ಅರ್ಧ ಓಣಿಗೆ ಮುಖ ಮಾಡಿದೆ. ದೊಡ್ಡ ಪಡಸಾಲೆ, ಹೊಸ ಬಚ್ಚಲು. ಹಿಂದಿನ ಅರ್ಧದಲ್ಲಿ ಹಳೆಯ ಅಡುಗೆಮನೆ, ಕೋಣೆಗಳು, ಹಿತ್ತಲು, ಒಂದು ನುಗ್ಗೆಮರ, ಹಿಂದಿನ ಸಂದಿಗೆ ಬೇರೆ ಬಾಗಿಲು. ಬೆಲೆ ಕಟ್ಟುವವರು ಎರಡೂ ಸರಿಸಮ ಎಂದರು. ಇನ್ನು ಯಾರು ಯಾವುದನ್ನು ತೆಗೆದುಕೊಳ್ಳುವುದೆಂದು ಹೇಳಿದರೆ ಮುಗಿಯಿತು.

ಯಾರೂ ಹೇಳಲಿಲ್ಲ.

"ನಿನಗ ಯಾವುದು ಬೇಕೋ ತಮ್ಮಾ?" ಎಂದು ಬಸಪ್ಪ ಕೇಳಿದ.

"ನೀ ಕೊಟ್ಟದ್ದು ಅಣ್ಣಾ."

"ಹಂಗಲ್ಲೋ, ನೀ ಸಣ್ಣಾವ, ನೀ ಮೊದಲ ಹೇಳು."

"ನೀ ಹಿರ್ಯಾವ. ನೀ ಬಿಟ್ಟದ್ದು ನನಗಿರ್ಲಿ."

ಈ ಮಾತು ಮೊದಲ ವಾರ ಕೇಳಲು ಚೆನ್ನಾಗಿತ್ತು. ಓಣಿಯವರೆಲ್ಲ ರಾಮಲಕ್ಷ್ಮಣರು ಎಂದರು. ತಿಂಗಳು ಕಳೆಯಿತು, ಮಳೆಗಾಲ ಮುಗಿಯಿತು, ಕಬ್ಬಿನ ಗಾಡಿಗಳು ರಸ್ತೆಗೆ ಬಂದವು, ಮಾತು ಅಲ್ಲೇ ನಿಂತಿತ್ತು. ನಿಂತ ನೀರಿನಂತೆ ಅದು ಕೆಡತೊಡಗಿತು. ತಮ್ಮ ಯಾಕೆ ಹೇಳುತ್ತಿಲ್ಲ, ನಾಳೆ ನನಗೆ ಅಣ್ಣ ಕೆಟ್ಟದ್ದನ್ನು ಕೊಟ್ಟ ಅಂತ ಊರ ಮುಂದೆ ಹೇಳಲಿಕ್ಕೋ ಎಂದು ಬಸಪ್ಪನಿಗೆ ಅನಿಸತೊಡಗಿತು. ಅಣ್ಣ ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ನನ್ನ ಬಾಯಿಂದ ಹೊರಡಿಸುತ್ತಿದ್ದಾನೆ ಎಂದು ಈರಪ್ಪನಿಗೆ. ಶೆಡ್ಡಿನಲ್ಲಿ ಒಟ್ಟಿಗೆ ಚಹಾ ಕುಡಿಯುವುದು ನಿಂತಿತು. ಈರಪ್ಪ ನೂಲಿನ ವ್ಯಾಪಾರಿಯ ಹತ್ತಿರ ಒಬ್ಬನೇ ರಬಕವಿಗೆ ಹೋಗಿಬಂದ. ಬಸಪ್ಪ ಊಟಕ್ಕೆ ಬೇರೆ ಹೊತ್ತಿಗೆ ಬರತೊಡಗಿದ. ನನ್ನ ಕ್ಲಾಸಿನಲ್ಲಿ ನೆಗೆಣ್ಣಿಯರು ಚಾಪೆಯ ಎರಡು ತುದಿಗೆ ಸರಿದರು. ಮಹಾದೇವಿ ಬೇರೆ ಪುಸ್ತಕ ಕೊಂಡಳು.

ಒಂದು ಮಧ್ಯಾಹ್ನ ಹಲಗೆಯ ಮೇಲೆ 'ಐ ವುಡ್ ರ್ಯಾದರ್' ಎಂದು ಬರೆದೆ. ಇದಕ್ಕಿಂತ ನನಗೆ ಅದೇ ವಾಸಿ ಎನ್ನುವ ಅರ್ಥ. ಎರಡು ಬಿಟ್ಟ ಸ್ಥಳ, ನಡುವೆ 'ದ್ಯಾನ್'. ಎಲ್ಲರೂ ತಮ್ಮದೇ ಒಂದೊಂದು ವಾಕ್ಯ ಹೇಳಬೇಕು, ಆದರೆ ಅದು ಖರೆ ಇರಬೇಕು, ಪುಸ್ತಕದ ಟೀ ಕಾಫಿ ಬೇಡ ಎಂದೆ. ಕ್ಲಾಸಿನಲ್ಲಿ ಕನ್ನಡ ಆಡಬಾರದೆಂಬ ನಿಯಮ ಮೊದಲೇ ಇತ್ತು.

ಒಬ್ಬಳು ಚಪಾತಿಗಿಂತ ರೊಟ್ಟಿ ವಾಸಿ ಎಂದಳು. ಇನ್ನೊಬ್ಬಳು ಗಂಡನ ಗಾಡಿಯ ಹಿಂದೆ ಕೂಡುವುದಕ್ಕಿಂತ ಆಟೋ ವಾಸಿ ಎಂದಳು, ಎಲ್ಲರೂ ನಕ್ಕರು. ಶಾಂತವ್ವನ ಸರದಿ ಬಂತು. ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹಲಗೆಯನ್ನೇ ನೋಡುತ್ತಾ ಒಂದೊಂದೇ ಶಬ್ದ ಜೋಡಿಸಿ ಹೇಳಿದಳು. "ಐ ವುಡ್ ರ್ಯಾದರ್ ಲಿವ್ ಇನ್ ಬ್ಯಾಕ್ ಹೌಸ್ ದ್ಯಾನ್ ಫ್ರಂಟ್ ಹೌಸ್."

ತಿಂಗಳುಗಟ್ಟಲೆ ಇಡೀ ಮನೆ ಕಾಯುತ್ತಿದ್ದ ಮಾತು ಹೊರಬಿದ್ದಿತ್ತು. ಆಗ ನಾನು ಏನು ಮಾಡಿದೆ ಗೊತ್ತೆ? "ದಿ ಬ್ಯಾಕ್ ಹೌಸ್. 'ದಿ' ಬೇಕು" ಎಂದು ತಿದ್ದಿದೆ. ಮೇಷ್ಟ್ರಗಿರಿ ಮನುಷ್ಯರನ್ನು ಹಾಳುಮಾಡುವುದು ಹೀಗೆ.

ಮಹಾದೇವಿ ಕೂತಲ್ಲಿಂದಲೇ, "ಐ ಆಲ್ಸೋ" ಎಂದಳು.

ಶಾಂತವ್ವ ತಿರುಗಿ ನೋಡಿದಳು. "ವಾಟ್ ಐ ಆಲ್ಸೋ?"

"ಐ ಆಲ್ಸೋ ಬ್ಯಾಕ್ ಹೌಸ್."

ಕನ್ನಡದಲ್ಲಾಗಿದ್ದರೆ ಅಲ್ಲಿ ಏನೇನು ಹಳೆಯದೆಲ್ಲ ಮೇಲೆ ಬರುತ್ತಿತ್ತೋ. ಬಾಣಂತನದ ಮಾತು, ತವರಿನ ಮಾತು, ಯಾರು ಯಾರಿಗೆ ಎಷ್ಟು ಮಾಡಿದರೆಂಬ ಮಾತು. ಆದರೆ ಇಬ್ಬರ ಹತ್ತಿರವೂ ಅಷ್ಟು ಇಂಗ್ಲಿಷ್ ಇರಲಿಲ್ಲ. ಇದ್ದ ನಾಲ್ಕು ಶಬ್ದಗಳಲ್ಲೇ ಜಗಳವಾಡಬೇಕಿತ್ತು.

"ಈದರ್ ಯು ಟೇಕ್ ಫ್ರಂಟ್, ಆರ್ ಐ ಟೇಕ್ ಫ್ರಂಟ್" ಎಂದಳು ಶಾಂತವ್ವ. 'ಈದರ್', 'ಆರ್' ಎರಡೂ ಸರಿಯಾದ ಜಾಗದಲ್ಲಿದ್ದವು. ಒಂದು ನೀನು, ಇಲ್ಲಾ ನಾನು, ಮೂರನೆಯ ದಾರಿಯಿಲ್ಲ.

"ವೈ ಯು ವಾಂಟ್ ಬ್ಯಾಕ್?" ಎಂದು ಮಹಾದೇವಿ ಕೇಳಿದಳು.

ಶಾಂತವ್ವ ಶಬ್ದಕ್ಕಾಗಿ ತಡಕಾಡಿದಳು. ಕೈಯಲ್ಲಿ ಗಾಳಿಯಲ್ಲೇ ಪಡಸಾಲೆಯ ಗಾತ್ರ ತೋರಿಸಿದಳು. "ಫ್ರಂಟ್ ಹೌಸ್, ಆಲ್ವೇಸ್ ಮೆನ್. ಯಾರ್ನ್ ಮೆನ್, ಕ್ಲಾತ್ ಮೆನ್. ಆಲ್ವೇಸ್ ಟೀ. ದೇ ಸಿಟ್. ಐ ಸ್ಟ್ಯಾಂಡ್." ಅದಕ್ಕೇ ಸೇರಿಸಿ, "ಐ ಸ್ಟ್ಯಾಂಡ್ ಹೋಲ್ ಲೈಫ್" ಎಂದಳು.

ಮಹಾದೇವಿ ಪುಸ್ತಕ ಮುಚ್ಚಿದಳು. "ಐ ಆಲ್ಸೋ ಸ್ಟ್ಯಾಂಡ್, ಅಕ್ಕಾ" ಎಂದಳು. ನಿಯಮ ಮುರಿದ ಆ ಒಂದು ಕನ್ನಡ ಶಬ್ದವನ್ನು ನಾನು ತಿದ್ದಲಿಲ್ಲ. ಅವತ್ತು ಕ್ಲಾಸು ಬೇಗ ಬಿಟ್ಟಿತು. ಇಬ್ಬರೂ ಒಬ್ಬರ ಹಿಂದೊಬ್ಬರು ಓಣಿ ದಾಟಿ ಹೋದರು.

ಆ ಮನೆಯನ್ನು ನಾನು ಎಷ್ಟೋ ವರ್ಷದಿಂದ ಎದುರಿಗೇ ನೋಡುತ್ತಿದ್ದೆ. ಬಂದವರು ಬೆಂಚಿನ ಮೇಲೆ ಕಾಲು ನೀಡಿ ಕೂಡುವುದು, ಒಳಬಾಗಿಲಿನ ಚೌಕಟ್ಟಿಗೆ ಒರಗಿ ಇಬ್ಬರಲ್ಲಿ ಒಬ್ಬಳು ಕಪ್ಪುಬಸಿ ವಾಪಸು ಪಡೆಯಲು ನಿಂತಿರುವುದು, ಎಲ್ಲ ಕಂಡಿದ್ದೆ. ಚೌಕಟ್ಟಿನಂತೆಯೇ ಅವರೂ ಅಲ್ಲಿನ ಒಂದು ವಸ್ತು ಎಂಬಷ್ಟು ಸಹಜವಾಗಿ ಕಂಡಿತ್ತು.

ಕೆಲವು ದಿನ ಬಿಟ್ಟು ಒಂದು ಬೆಳಗ್ಗೆ ಅಣ್ಣತಮ್ಮಂದಿರ ಸೋದರಮಾವ ಗುರುಸಿದ್ದಪ್ಪ ಮಹಾಲಿಂಗಪುರದಿಂದ ಬಂದರು. ಬೆಲ್ಲದ ದಲಾಲಿ ಮಾಡಿದ ಮನುಷ್ಯ, ಎಂಥ ಎಳೆದಾಟವನ್ನಾದರೂ ಮಧ್ಯಾಹ್ನದ ಊಟದೊಳಗೆ ಮುಗಿಸುವವರು ಎಂದು ಹೆಸರು. ಓಣಿಯಲ್ಲಿ ಓದಿದವರೆಂದು ನನ್ನನ್ನೂ ಕರೆದರು. ಪಡಸಾಲೆಯಲ್ಲಿ ಗಂಡಸರು ಬೆಂಚಿನ ಮೇಲೆ, ನನಗೊಂದು ಕುರ್ಚಿ. ನೆಗೆಣ್ಣಿಯರು ಒಳಬಾಗಿಲಲ್ಲಿ ನಿಂತಿದ್ದರು.

"ಹೇಳ್ರ್ಯೋ ಇನ್ನ. ಯಾರಿಗೆ ಯಾವುದು?" ಎಂದರು ಮಾವ.

"ಯಾವುದಾರ ನಡೀತೈತ್ರಿ ಮಾವಾ" ಎಂದ ಬಸಪ್ಪ.

"ನನಗೂ ಹಂಗರಿ" ಎಂದ ಈರಪ್ಪ, ಅಣ್ಣನ ಮುಖ ನೋಡದೆ.

"ಮುಂದಿನ ಮನಿ ನಮಗಿರ್ಲ್ರಿ" ಎಂದು ಬಾಗಿಲಿನಿಂದ ಧ್ವನಿ ಬಂತು. ಶಾಂತವ್ವ. ನಾನು ಚಕಿತಳಾಗಿ ತಿರುಗಿದೆ. ಅವಳ ಮಾತು ಮುಗಿಯುವ ಮೊದಲೇ ಮಹಾದೇವಿ, "ಇಲ್ರಿ ಮಾವಾ, ಮುಂದಿಂದು ನಮಗ ಬೇಕು" ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನನಗೆ ಅರ್ಥವಾಯಿತು. ಹಿಂದಿನದನ್ನು ಅವಳಿಗೆ ಬಿಡಲು ಇವಳು, ಇವಳಿಗೆ ಬಿಡಲು ಅವಳು. ಆದರೆ ಬೆಂಚಿನ ಮೇಲಿದ್ದವರಿಗೆ ಕಂಡದ್ದೇ ಬೇರೆ.

"ನೋಡ್ರಿ ಇದರ ಆಟಾ!" ಎಂದು ಗುರುಸಿದ್ದಪ್ಪ ತೊಡೆ ತಟ್ಟಿಕೊಂಡರು. "ಇಷ್ಟು ದಿನ ಬಾಯಿ ಬಿಡಲಿಲ್ಲ. ಬಿಟ್ಟ ಕೂಡ್ಲೆ ಇಬ್ಬರಿಗೂ ಒಂದ ಮ್ಯಾಲ ಕಣ್ಣು!"

ಬಸಪ್ಪನ ಮುಖ ಕೆಂಪಾಯಿತು. "ಅಂದ್ರ ತಮ್ಮಾ, ನಿನ್ನ ಮನಸಿನ್ಯಾಗ ಮೊದಲಿಂದ ಇದ ಇತ್ತಲಾ?"

"ನನಗ ಅನ್ನಬ್ಯಾಡ. ನಿನ್ನ ಮನಿಯಾಕಿ ಮೊದಲ ಬಾಯಿ ಹಾಕಿದ್ಲು" ಎಂದ ಈರಪ್ಪ ಎದ್ದು ನಿಂತು.

ಬಸಪ್ಪನೂ ಎದ್ದ. ಮಾವ ನಡುವೆ ಕೈ ಚಾಚಿ, ಚೀಟಿ ಹಾಕೋಣ ಎಂದರು. ಇನ್ನೊಬ್ಬರ ಮನೆಯ ಮಾತಿನಲ್ಲಿ ನಾನು ಎಂದೂ ಬಾಯಿ ಹಾಕಿದವಳಲ್ಲ. ಕ್ಲಾಸಿನಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಎಂದೂ ಅನಿಸಿತು. ಸುಮ್ಮನೆ ಕೂತರೆ ಚೀಟಿ ಬೀಳುತ್ತದೆ, ಮನೆ ಒಡೆಯುತ್ತದೆ, ಅಣ್ಣತಮ್ಮಂದಿರು ಸಾಯುವವರೆಗೆ ಈ ಬೆಳಗನ್ನು ಮರೆಯುವುದಿಲ್ಲ. ಹೇಳುವುದೋ ಬಿಡುವುದೋ ಎಂದು ಯೋಚಿಸುವಷ್ಟರಲ್ಲಿ ನನ್ನ ಬಾಯಿ ತಾನೇ ತೆರೆದಿತ್ತು.

"ಇಬ್ಬರೂ ಸುಳ್ಳು ಹೇಳಲಿಕ್ಕತ್ತಾರ್ರೀ" ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಗುರುಸಿದ್ದಪ್ಪನವರ ಹುಬ್ಬು ಮೇಲೇರಿತು. "ಶಾಂತವ್ವಾ, ಖರೆ ಏನದ, ನೀನ ಹೇಳು" ಎಂದೆ.

ಶಾಂತವ್ವ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಹೌದ್ರಿ ಮಾವಾ. ನನಗ ಹಿಂದಿಂದ ಬೇಕಾಗಿತ್ತು. ಆಕಿಗೂ ಅದ ಬೇಕಂತ ಗೊತ್ತಾತು. ಅದಕ್ಕ ಮುಂದಿಂದು ಕೇಳಿದ್ನಿ."

"ನಾನೂ ಅದಕ್ಕರಿ" ಎಂದಳು ಮಹಾದೇವಿ.

ಬಸಪ್ಪ ಹೆಂಡತಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ನನಗ ಯಾಕ ಹೇಳಲಿಲ್ಲ ನೀ?"

"ನೀವು ಯಾವಾಗ ಕೇಳಿದ್ರಿ?" ಎಂದಳು ಶಾಂತವ್ವ. ಸಿಟ್ಟಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಂಡು ಕೇಳಿದಂತಿತ್ತು. ಬಸಪ್ಪ ಮೆಲ್ಲಗೆ ಬೆಂಚಿನ ಮೇಲೆ ಕೂತ. ಈರಪ್ಪನೂ ಅವನ ಪಕ್ಕದಲ್ಲೇ ಕೂತ, ಬೇರೆ ಜಾಗ ಇರಲಿಲ್ಲವೆನ್ನಿ.

ಆಮೇಲೆ ಮಹಾದೇವಿ ಮಾತಾಡಿದಳು. "ಅಕ್ಕನ ಮೊಣಕಾಲು ಬ್ಯಾನಿ ಐತ್ರಿ. ನನಗಿಂತ ಬಾಳ ವರ್ಷ ನಿಂತಾಳ. ಹಿಂದಿಂದು ಆಕಿಗಿರ್ಲಿ. ಮುಂದಿಂದು ನಾ ತಗೋತೇನಿ. ನನಗೂ ಹಿಂದಿಂದ ಬೇಕಾಗಿತ್ತು, ಅದನ್ನ ಸುಳ್ಳ ಅನ್ನಂಗಿಲ್ಲ. ಆದ್ರ ಇದನ್ನ ನೀವು ಯಾರೂ ನನಗ ಕೊಟ್ಟಿದ್ದಲ್ಲ. ನಾನ ತಗೊಂಡಿದ್ದು."

"ಶಾಣ್ಯಾಕಿ ಅದಿ" ಎಂದರು ಗುರುಸಿದ್ದಪ್ಪ, ಮಾತು ಮುಗಿಯಿತೆಂಬಂತೆ.

"ಇನ್ನೊಂದು ಐತ್ರಿ ಮಾವಾ. ಮುಂದಿನ ಮನಿ ನನ್ನದಂದ್ರ ಪಡಸಾಲೀನೂ ನನ್ನದು. ಈ ಬೆಂಚು ನಾಳೆ ಶೆಡ್ಡಿಗೆ ಹೋಗ್ತೈತಿ. ನೂಲಿನವರು, ಬಟ್ಟಿಯವರು ಅಲ್ಲೇ ಕುಂದರ್ಲಿ. ಚಹಾ ಅಂಗಡಿಯಿಂದ ತರಿಸಿ ಕುಡಿಲಿ."

ಈರಪ್ಪ ಏನೋ ಹೇಳಲು ಹೋದ. ಮಹಾದೇವಿ ಅವನತ್ತ ನೋಡಿದಳು. ಅವನು ಬೆಂಚನ್ನು ಒಮ್ಮೆ ಕೈಯಿಂದ ಸವರಿದ.

"ಮತ್ತ ನಾ ಬಂದ್ರ?" ಎಂದು ಗುರುಸಿದ್ದಪ್ಪ ಕೇಳಿದರು, ಅರ್ಧ ನಗುತ್ತಾ, ಅರ್ಧ ಅಳುಕುತ್ತಾ.

"ನೀವು ಬಂದ್ರ ಒಳಗ ಬರ್ರಿ. ಕುರ್ಚಿ ಹಾಕ್ತೇನಿ. ನಾನೂ ಒಂದು ಹಾಕ್ಕೋತೇನಿ."

ಅವತ್ತು ಎಲ್ಲರೂ ಅಲ್ಲೇ ಊಟ ಮಾಡಿದೆವು. ಅಣ್ಣತಮ್ಮಂದಿರು ಪಕ್ಕಪಕ್ಕ ಕೂತು, ಹೆಚ್ಚು ಮಾತಿಲ್ಲದೆ, ಒಬ್ಬರ ತಾಟಿಗೆ ಒಬ್ಬರು ಶೇಂಗಾಹಿಂಡಿ ಚಟ್ನಿಪುಡಿ ಸರಿಸುತ್ತಿದ್ದರು.

ಎರಡು ಪಾಲಿನ ನಡುವೆ ಗೋಡೆ ಎದ್ದ ಮೇಲೆ, ಸುಣ್ಣದ ಹಸಿ ಆರಿದ ಮೇಲೆ, ಒಂದು ಮಧ್ಯಾಹ್ನ ಓಣಿ ದಾಟಿ ಹೋದೆ. ಬೆಂಚು ಇದ್ದ ಜಾಗದಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಮಹಾದೇವಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಶಾಂತವ್ವ ಎಲ್ಲಿ ಎಂದೆ. "ಹಿಂದ ತನ್ನ ಮನ್ಯಾಗ ಚಿಲಕಾ ಹಾಕ್ಕೊಂಡು ಮಲಗ್ಯಾಳ್ರಿ. ಎಬ್ಬಸಬ್ಯಾಡ್ರಿ" ಎಂದು, ಕಾಲು ಕೆಳಗಿಳಿಸಿ ನನಗೆ ಕುರ್ಚಿ ಸರಿಸಿದಳು.

ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಮೋಟಾರ್ ಸೈಕಲ್ ನಿಂತಿತು. ನೂಲಿನ ವ್ಯಾಪಾರಿ ಒಬ್ಬರು ಚೀಲ ಹಿಡಿದು ಬಾಗಿಲಿಗೆ ಬಂದು, ರೂಢಿಯಂತೆ ಚಪ್ಪಲಿ ಬಿಟ್ಟು, "ಈರಪ್ಪ ಅದಾರೇನ್ರಿ?" ಎಂದರು. ನಾನು, ಎಂದೋ ಕಲಿತ ಅಭ್ಯಾಸದಲ್ಲಿ, ಕುರ್ಚಿಯಿಂದ ಅರ್ಧ ಎದ್ದೆ.

ಮಹಾದೇವಿ ಗದ್ದ ಎತ್ತಿ ಶೆಡ್ಡಿನ ಕಡೆ ತೋರಿಸಿದಳು, ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡಳು. ಎದ್ದು ನಿಲ್ಲಲಿಲ್ಲ.